ಟೈಟಲ್ ಒನ್ ಶಾಲೆಯ ಕುಟುಂಬ ಸಹಭಾಗಿತ್ವ ನೀತಿ: ಸಹಿ ಹಾಕುವ ಮುನ್ನ ಪೋಷಕರು ಮಾಡಬೇಕಾದ ಕೆಲಸಗಳು

ಅಮೆರಿಕದ ಸರ್ಕಾರಿ ಶಾಲೆಗಳು ಆಗಸ್ಟ್ ಇಲ್ಲವೇ ಸೆಪ್ಟೆಂಬರಿನಲ್ಲಿ ಆರಂಭವಾದ ಕೆಲವೇ ವಾರಗಳಲ್ಲಿ ಮಗುವಿನ ಚೀಲದಲ್ಲಿ ಒಂದು ಕಂತೆ ಕಾಗದ ಮನೆಗೆ ಬರುತ್ತದೆ. ತುರ್ತು ಸಂಪರ್ಕದ ನಮೂನೆ, ಮಧ್ಯಾಹ್ನದ ಊಟದ ಅರ್ಜಿ, ಫೋಟೋ ತೆಗೆಯಲು ಒಪ್ಪಿಗೆ ಪತ್ರ ಇವುಗಳ ನಡುವೆ ಒಂದು ಹಾಳೆಯ ಕೊನೆಯಲ್ಲಿ ಮೂರು ಗೆರೆಗಳಿರುತ್ತವೆ: ಶಿಕ್ಷಕರ ಸಹಿ, ಪೋಷಕರ ಸಹಿ, ವಿದ್ಯಾರ್ಥಿಯ ಸಹಿ. ಅದರ ಜೊತೆಗೆ ‘ಪೋಷಕ ಮತ್ತು ಕುಟುಂಬ ಸಹಭಾಗಿತ್ವ ನೀತಿ’ ಎಂಬ ಎರಡು ಮೂರು ಪುಟಗಳ ದಾಖಲೆಯೂ ಇರುತ್ತದೆ. ಪ್ರತಿ ವರ್ಷವೂ ಇದೇ ಸಮಯಕ್ಕೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಇದಕ್ಕೆ ಸಹಿ ಹಾಕಲೇಬೇಕೆ? ಹಾಕಿದರೆ ನಮ್ಮ ಮೇಲೆ ಏನಾದರೂ ಹೊಣೆ ಬೀಳುತ್ತದೆಯೆ? ನಮ್ಮ ಶಾಲೆ ‘ಟೈಟಲ್ ಒನ್’ ಶಾಲೆಯಂತೆ, ಹಾಗೆಂದರೆ ಅದು ಕಳಪೆ ಶಾಲೆಯೆ?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಫೆಡರಲ್ ಕಾಯ್ದೆಯು ಆ ಹಾಳೆಗೆ ಪೋಷಕರ ಸಹಿಯನ್ನು ಕಡ್ಡಾಯ ಮಾಡಿಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಅದೇ ಕಾಯ್ದೆ ಕಡ್ಡಾಯ ಮಾಡಿದೆ: ಆ ಹಾಳೆಯನ್ನೂ ಆ ನೀತಿಯನ್ನೂ ಶಾಲೆಯವರು ಪೋಷಕರ ಜೊತೆ ಕುಳಿತು ಬರೆದಿರಬೇಕು. ಕಚೇರಿಯಲ್ಲಿ ತಯಾರಾಗಿ ಸಹಿಗೆಂದು ಮಾತ್ರ ಮನೆಗೆ ಬರುವ ಕಾಗದ ಕಾಯ್ದೆಯ ಅಗತ್ಯವನ್ನು ಪೂರೈಸುವುದಿಲ್ಲ. ಈ ಲೇಖನದ ಎಲ್ಲ ಹಂತಗಳೂ ಈ ಒಂದು ಅಂಶದ ಸುತ್ತಲೇ ಇವೆ.

ಮೊದಲು ತಿಳಿದಿರಬೇಕಾದ ಹಿನ್ನೆಲೆ

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಏಪ್ರಿಲ್ 11ರಂದು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಅಂಕಿತ ಹಾಕಿದರು. ಆ ಕಾಯ್ದೆಯ ಮೊದಲ ಅಧ್ಯಾಯವೇ ‘ಟೈಟಲ್ ಒನ್’. ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಫೆಡರಲ್ ಸರ್ಕಾರ, ಅಂದರೆ ರಾಜ್ಯಗಳ ಮೇಲಿನ ಒಕ್ಕೂಟ ಸರ್ಕಾರ, ಹೆಚ್ಚುವರಿ ಹಣ ಕೊಡುವ ವ್ಯವಸ್ಥೆ ಅದು. ಇತ್ತೀಚಿನ ವರ್ಷಗಳಲ್ಲಿ ಈ ಬಾಬತ್ತಿನಲ್ಲಿ ವರ್ಷಕ್ಕೆ 1,800 ಕೋಟಿ ಡಾಲರಿಗೂ ಹೆಚ್ಚು ಹಣ ಹಂಚಿಕೆಯಾಗುತ್ತಿದೆ. ಹೀಗಾಗಿ ‘ಟೈಟಲ್ ಒನ್’ ಎಂಬುದು ಶಾಲೆಗೆ ಬರುವ ಹಣದ ಹೆಸರೇ ಹೊರತು ಶಾಲೆಯ ಗುಣಮಟ್ಟಕ್ಕೆ ಕೊಟ್ಟ ಅಂಕವಲ್ಲ. ಬಾಡಿಗೆ ಮನೆಗಳು ಹೆಚ್ಚಿರುವ ಬಡಾವಣೆಯಲ್ಲಿ ವಾಸ ಮಾಡುವ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಇಂಥ ಶಾಲೆಗಳಲ್ಲಿ ಓದುತ್ತಾರೆ.

ಈ ಕಾಯ್ದೆಗೆ ಕಾಲಕಾಲಕ್ಕೆ ತಿದ್ದುಪಡಿಗಳಾಗಿವೆ. ಈಗ ಜಾರಿಯಲ್ಲಿರುವುದು 2015ರ ಡಿಸೆಂಬರ್ 10ರಂದು ಅಧ್ಯಕ್ಷ ಬರಾಕ್ ಒಬಾಮ ಅಂಕಿತ ಹಾಕಿದ, ಎಲ್ಲರೂ ‘ಎಸ್ಸಾ’ ಎಂದು ಕರೆಯುವ ರೂಪ. ಅದರ ಸೆಕ್ಷನ್ 1116 ನಮಗೆ ಬೇಕಾದ ಭಾಗ. ಹಿಂದಿನ ರೂಪದಲ್ಲಿ ‘ಪೋಷಕರ ಪಾಲ್ಗೊಳ್ಳುವಿಕೆ’ ಎಂದಿದ್ದ ಮಾತನ್ನು 2015ರಲ್ಲಿ ‘ಪೋಷಕರ ಮತ್ತು ಕುಟುಂಬದ ಸಹಭಾಗಿತ್ವ’ ಎಂದು ಬದಲಿಸಲಾಯಿತು. ಅಜ್ಜ ಅಜ್ಜಿಯರು ಮಗುವನ್ನು ಶಾಲೆಗೆ ಬಿಟ್ಟು ಕರೆತರುವ ಮನೆಗಳಿಗೆ ಈ ಬದಲಾವಣೆಯಿಂದ ಆಗಿರುವ ಅನುಕೂಲವನ್ನು ಮುಂದೆ ಹೇಳುತ್ತೇನೆ.

ಇನ್ನು ಪದೇಪದೇ ಬರುವ ಕೆಲವು ಪದಗಳು. ‘ಡಿಸ್ಟ್ರಿಕ್ಟ್’ ಎಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ. ನಮ್ಮ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ‘ಕಾಂಪ್ಯಾಕ್ಟ್’ ಎಂದರೆ ಶಾಲೆ ಮತ್ತು ಪೋಷಕರ ನಡುವಿನ ಒಡಂಬಡಿಕೆ, ಅಂದರೆ ಮೇಲೆ ಹೇಳಿದ ಮೂರು ಸಹಿಗಳ ಹಾಳೆ. ‘ಸ್ಕೂಲ್‌ವೈಡ್’ ಎಂದರೆ ಟೈಟಲ್ ಒನ್ ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸುವ ಕ್ರಮ, ಸಾಮಾನ್ಯವಾಗಿ ಶೇ. 40 ಅಥವಾ ಹೆಚ್ಚು ಮಕ್ಕಳು ಕಡಿಮೆ ಆದಾಯದ ಕುಟುಂಬದವರಾಗಿರುವ ಶಾಲೆಗಳು ಈ ಕ್ರಮ ಅನುಸರಿಸಬಹುದು. ‘ಟಾರ್ಗೆಟೆಡ್’ ಎಂದರೆ ಓದಿನಲ್ಲಿ ಹಿಂದುಳಿದ, ಆಯ್ದ ಮಕ್ಕಳಿಗೆ ಮಾತ್ರ ಆ ಹಣದ ನೆರವು ಸಿಗುವ ಕ್ರಮ.

ಕರ್ನಾಟಕದಲ್ಲಿ ಎಸ್‌ಡಿಎಂಸಿ ಸಭೆಗಳಲ್ಲಿ ಕುಳಿತು ಬಂದವರಿಗೆ ಒಂದು ವ್ಯತ್ಯಾಸ ಹೇಳಬೇಕು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಸಮಿತಿಯ ರಚನೆಯನ್ನೇ ಹೇಳುತ್ತದೆ. ಅಮೆರಿಕದ ಫೆಡರಲ್ ಕಾಯ್ದೆ ಅಂಥ ಸಮಿತಿಯನ್ನು ಕಡ್ಡಾಯ ಮಾಡದೆ, ಪೋಷಕರ ಜೊತೆಗೂಡಿ ಮಾಡಬೇಕಾದ ಕೆಲಸಗಳನ್ನು ಕಡ್ಡಾಯ ಮಾಡುತ್ತದೆ. ಆದ್ದರಿಂದ ಇಲ್ಲಿ ‘ಸಮಿತಿಯಲ್ಲಿ ನನಗೆ ಸ್ಥಾನವಿಲ್ಲ’ ಎಂದು ಸುಮ್ಮನಿರಬೇಕಾದ ಅಗತ್ಯವಿಲ್ಲ.

ಹಂತ 1: ನಿಮ್ಮ ಶಾಲೆಗೆ ಈ ನಿಯಮಗಳು ಅನ್ವಯಿಸುತ್ತವೆಯೇ ನೋಡಿಕೊಳ್ಳಿ

ಶಾಲೆಯ ಕಚೇರಿಯಲ್ಲಿ ಕೇಳುವುದೇ ಸುಲಭದ ದಾರಿ. ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿದರೂ ಅದು ಟೈಟಲ್ ಒನ್ ಶಾಲೆಯೇ, ಸ್ಕೂಲ್‌ವೈಡ್ ಕ್ರಮದಲ್ಲಿದೆಯೇ ಎಂಬುದು ಸಿಗುತ್ತದೆ. ಆದರೆ ಅಲ್ಲಿನ ಮಾಹಿತಿ ಒಂದೆರಡು ವರ್ಷ ಹಳೆಯದಾಗಿರಬಹುದು. ಸ್ಕೂಲ್‌ವೈಡ್ ಶಾಲೆಯಾಗಿದ್ದರೆ ನಿಮ್ಮ ಕುಟುಂಬದ ಆದಾಯ ಎಷ್ಟೇ ಇರಲಿ, ಈ ನಿಯಮಗಳ ದೃಷ್ಟಿಯಲ್ಲಿ ನೀವು ಪೋಷಕರೇ. ಟಾರ್ಗೆಟೆಡ್ ಶಾಲೆಯಾಗಿದ್ದರೆ ನೆರವು ಪಡೆಯುವ ಮಕ್ಕಳ ಪೋಷಕರಿಗೆ ಇವು ಅನ್ವಯಿಸುತ್ತವೆ. ಈ ಹಣ ಪಡೆಯುವ ಚಾರ್ಟರ್ ಶಾಲೆಗಳೂ, ಅಂದರೆ ಸರ್ಕಾರಿ ಹಣದಲ್ಲಿ ಸ್ವತಂತ್ರ ಆಡಳಿತದಿಂದ ನಡೆಯುವ ಶಾಲೆಗಳೂ, ಇದೇ ನಿಯಮದಡಿ ಬರುತ್ತವೆ.

ವೀಸಾದ ಬಗ್ಗೆ ಅನೇಕರು ಅಳುಕಿನಿಂದ ಕೇಳುತ್ತಾರೆ. ಸೆಕ್ಷನ್ 1116 ಪೋಷಕರ ಪೌರತ್ವವನ್ನಾಗಲಿ ವೀಸಾದ ಬಗೆಯನ್ನಾಗಲಿ ಅರ್ಹತೆಯಾಗಿ ಇಟ್ಟಿಲ್ಲ. ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ಎಚ್ 4 ವೀಸಾದಲ್ಲಿರುವ ತಾಯಿಗೂ ಇಲ್ಲಿಯೇ ಹುಟ್ಟಿ ಬೆಳೆದ ಪೋಷಕರಿಗೂ ಸಭೆಯಲ್ಲಿ ಒಂದೇ ಸ್ಥಾನ. ತರಗತಿಯೊಳಗೆ ಸ್ವಯಂಸೇವಕರಾಗಿ ಕೆಲಸ ಮಾಡಲು ಮಾತ್ರ ಡಿಸ್ಟ್ರಿಕ್ಟುಗಳು ತಮ್ಮ ನಿಯಮದಂತೆ ಗುರುತಿನ ಚೀಟಿ, ಹಿನ್ನೆಲೆ ಪರಿಶೀಲನೆ ಕೇಳುವುದುಂಟು. ಸಭೆಯಲ್ಲಿ ಕುಳಿತು ಮಾತನಾಡುವುದು ಬೇರೆ ವಿಷಯ.

ಹಂತ 2: ನಾಲ್ಕು ದಾಖಲೆಗಳನ್ನು ಕೇಳಿ ಪಡೆಯಿರಿ

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ‘ನೀತಿ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ದಾಖಲೆಗಳಿವೆ. ಒಂದು ಡಿಸ್ಟ್ರಿಕ್ಟಿನದು, ಇನ್ನೊಂದು ನಿಮ್ಮ ಶಾಲೆಯದು. ಒಂದನ್ನು ತೋರಿಸಿ ಇನ್ನೊಂದೂ ಇದೇ ಎಂದು ಹೇಳಲು ಬರುವುದಿಲ್ಲ. ನೀವು ಕೇಳಬೇಕಾದವು ಇವು: ಡಿಸ್ಟ್ರಿಕ್ಟಿನ ಲಿಖಿತ ನೀತಿ, ಶಾಲೆಯ ಲಿಖಿತ ನೀತಿ, ಶಾಲೆ ಮತ್ತು ಪೋಷಕರ ಒಡಂಬಡಿಕೆ, ಮತ್ತು ಸ್ಕೂಲ್‌ವೈಡ್ ಶಾಲೆಯಾಗಿದ್ದರೆ ಅದರ ಶಾಲಾ ಯೋಜನೆ. ಯೋಜನೆಗೆ ರಾಜ್ಯದಿಂದ ರಾಜ್ಯಕ್ಕೆ ಹೆಸರು ಬೇರೆ ಇರುತ್ತದೆ.

ಬಾಯಿಮಾತಿನಲ್ಲಿ ಕೇಳಬೇಡಿ, ಇಮೇಲ್ ಬರೆಯಿರಿ. ಅದು ನಾಲ್ಕು ಸಾಲಿಗಿಂತ ಉದ್ದವಾಗಬೇಕಾಗಿಲ್ಲ. ‘ನಾನು ಮೂರನೆಯ ತರಗತಿಯ ವಿದ್ಯಾರ್ಥಿಯೊಬ್ಬರ ಪೋಷಕಿ. ಸೆಕ್ಷನ್ 1116ರ ಅಡಿ ಇರುವ ಡಿಸ್ಟ್ರಿಕ್ಟ್ ನೀತಿ, ಶಾಲೆಯ ನೀತಿ, ಒಡಂಬಡಿಕೆ ಮತ್ತು ಶಾಲಾ ಯೋಜನೆಯ ಪ್ರತಿಗಳನ್ನು ದಯವಿಟ್ಟು ಕಳುಹಿಸಿ. ಈ ವರ್ಷದ ಟೈಟಲ್ ಒನ್ ವಾರ್ಷಿಕ ಸಭೆಯ ದಿನಾಂಕ ತಿಳಿಸಿ. ಇವುಗಳನ್ನು ಪರಿಷ್ಕರಿಸುವ ಸಭೆ ಯಾವಾಗ ನಡೆಯುತ್ತದೆ, ಅದರಲ್ಲಿ ಭಾಗವಹಿಸುವುದು ಹೇಗೆ ಎಂಬುದನ್ನೂ ತಿಳಿಸಿ’ ಎಂಬಷ್ಟು ಸಾಕು. ಈ ದಾಖಲೆಗಳಲ್ಲಿ ಗುಟ್ಟಿನದು ಯಾವುದೂ ಇಲ್ಲ. ಶಾಲೆಯ ನೀತಿ ಸ್ಥಳೀಯ ಸಮುದಾಯಕ್ಕೂ ಸಿಗುವಂತಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ಹಂತ 3: ಭಾಷೆಯ ವಿಷಯವನ್ನು ಸಭೆಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ

‘ನಮಗೆ ಇಂಗ್ಲಿಷ್ ಬರುತ್ತದೆ, ಇದು ನಮಗಲ್ಲ’ ಎಂದು ಈ ಹಂತವನ್ನು ದಾಟಿ ಹೋಗಬೇಡಿ. ಮನೆಯಲ್ಲಿ ಯಾರಿಗೆ ಇಂಗ್ಲಿಷ್ ಬರುತ್ತದೆ, ಶಾಲೆಯ ಬಾಗಿಲಲ್ಲಿ ಸಂಜೆ ಮೂರಕ್ಕೆ ಶಿಕ್ಷಕಿಯನ್ನು ಭೇಟಿಯಾಗುವವರು ಯಾರು ಎಂದು ಒಮ್ಮೆ ಯೋಚಿಸಿ. ಒಡಂಬಡಿಕೆಯ ಭಾಗದಲ್ಲಿ ಕಾಯ್ದೆಯು ಕುಟುಂಬದ ಸದಸ್ಯರಿಗೂ ಶಾಲೆಯ ಸಿಬ್ಬಂದಿಗೂ ನಡುವೆ ಎರಡೂ ಕಡೆಯ ಅರ್ಥಪೂರ್ಣ ಸಂಪರ್ಕ ಇರಬೇಕು, ಕಾರ್ಯಸಾಧ್ಯವಾದ ಮಟ್ಟಿಗೆ ಅದು ಆ ಸದಸ್ಯರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎನ್ನುತ್ತದೆ. ಇಲ್ಲಿರುವ ಪದ ‘ಕುಟುಂಬದ ಸದಸ್ಯರು’. ಮಗುವಿನ ಜೊತೆ ಅದೇ ಮನೆಯಲ್ಲಿದ್ದು ದಿನವೂ ಕರೆತರುವ ಅಜ್ಜಿಗೆ ಕನ್ನಡವೊಂದೇ ಬರುವುದಾದರೆ, ಅವರಿಗಾಗಿ ಕೇಳಲು ಆಧಾರ ಇದೆ.

‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬ ಮಾತನ್ನು ಮಾತ್ರ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಎಲ್ಲ ಕಾಗದಗಳೂ ಕನ್ನಡದಲ್ಲಿ ತಾವಾಗಿಯೇ ಬರುತ್ತವೆ ಎಂದು ಇದರ ಅರ್ಥವಲ್ಲ. ಉದಾಹರಣೆಗೆ ಕ್ಯಾಲಿಫೋರ್ನಿಯಾದ ಕಾನೂನಿನಂತೆ ಶಾಲೆಯ ಶೇ. 15 ಅಥವಾ ಹೆಚ್ಚು ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಸೂಚನಾಪತ್ರಗಳನ್ನು ಆ ಭಾಷೆಯಲ್ಲೂ ಕಳುಹಿಸಬೇಕು. ಕನ್ನಡ ಆ ಪ್ರಮಾಣ ಮುಟ್ಟುವುದು ಅಪರೂಪ. ಆದರೆ ಲಿಖಿತ ಅನುವಾದ ಆಗದಿದ್ದಲ್ಲಿ ಬಾಯಿಮಾತಿನ ಅನುವಾದ ಕೇಳಬಹುದು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ‘ಟೈಟಲ್ ಸಿಕ್ಸ್’ ಮೂಲ ದೇಶದ ಆಧಾರದ ಮೇಲೆ ತಾರತಮ್ಯವನ್ನು ನಿಷೇಧಿಸುತ್ತದೆ. 1974ರಲ್ಲಿ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಾತನಾಡುವ ಮಕ್ಕಳಿಗೆ ಭಾಷೆಯ ನೆರವು ಕೊಡದಿರುವುದು ಆ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಶಾಲೆಗಳು ಭಾಷೆಯ ಬೇಡಿಕೆಯನ್ನು ಹಗುರವಾಗಿ ತಳ್ಳಿಹಾಕಲಾರದಿರುವುದಕ್ಕೆ ಇದು ಹಿನ್ನೆಲೆ.

ಈ ಹಂತದಲ್ಲಿ ನಾಲ್ಕು ಎಚ್ಚರಿಕೆಗಳಿವೆ.

ಒಂದು, ಭಾರತೀಯರು ಎಂದ ಕೂಡಲೇ ಹಿಂದಿ ಅನುವಾದಕರನ್ನು ಗೊತ್ತುಮಾಡುವುದುಂಟು. ಅಜ್ಜಿಗೆ ಹಿಂದಿಯೂ ಇಂಗ್ಲಿಷಿನಷ್ಟೇ ದೂರ ಎಂಬುದು ಶಾಲೆಯ ಕಚೇರಿಗೆ ಗೊತ್ತಿರುವುದಿಲ್ಲ. ಬೇಕಾದ ಭಾಷೆ ‘ಕನ್ನಡ’ ಎಂದು ಬರಹದಲ್ಲಿ ಸ್ಪಷ್ಟವಾಗಿ ತಿಳಿಸಿ, ಸಭೆಗೆ ಒಂದೆರಡು ವಾರ ಮೊದಲೇ ತಿಳಿಸಿ. ಕನ್ನಡದ ಅನುವಾದಕರು ಊರಿನಲ್ಲಿ ಸಿಗದಿದ್ದರೆ ಫೋನ್ ಮೂಲಕ ಅನುವಾದ ಮಾಡುವ ಸೇವೆಗಳನ್ನು ಡಿಸ್ಟ್ರಿಕ್ಟುಗಳು ಬಳಸುತ್ತವೆ.

ಎರಡು, ಮಗುವನ್ನೇ ಅನುವಾದಕನನ್ನಾಗಿ ಮಾಡಬೇಡಿ. ತನ್ನದೇ ಓದಿನ ಕೊರತೆಯನ್ನು ತಾನೇ ಅಜ್ಜಿಗೆ ವಿವರಿಸುವ ಹೊರೆಯನ್ನು ಎಂಟು ವರ್ಷದ ಮಗುವಿನ ಮೇಲೆ ಹಾಕುವುದು ಸರಿಯಲ್ಲ, ಮಾತು ಅರ್ಧಕ್ಕರ್ಧ ಸೋರಿಹೋಗುವುದೂ ಖಂಡಿತ.

ಮೂರು, ಯಂತ್ರಾನುವಾದವನ್ನು ನಂಬಿ ಸಹಿ ಹಾಕಬೇಡಿ. ‘ಕಾಂಪ್ಯಾಕ್ಟ್’ ಎಂಬ ಇಂಗ್ಲಿಷ್ ಪದಕ್ಕೆ ಒಡಂಬಡಿಕೆ ಎಂಬ ಅರ್ಥದ ಜೊತೆಗೆ ‘ಅಡಕವಾದ’, ‘ಚಿಕ್ಕದಾದ’ ಎಂಬ ಅರ್ಥಗಳೂ ಇವೆ. ತಪ್ಪು ಅರ್ಥ ಆಯ್ಕೆಯಾದರೆ ಶೀರ್ಷಿಕೆಯಲ್ಲಿಯೇ ದಾರಿ ತಪ್ಪುತ್ತದೆ.

ನಾಲ್ಕು, ಶಾಲೆಗೆ ಸೇರಿಸುವಾಗ ತುಂಬುವ ‘ಮನೆಮಾತಿನ ಸಮೀಕ್ಷೆ’ಯಲ್ಲಿ ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆಂದು ಹೆದರಿ ಸುಳ್ಳು ಬರೆಯಬೇಡಿ. ಮಗುವನ್ನು ‘ಇಂಗ್ಲಿಷ್ ಕಲಿಯುವ ವಿದ್ಯಾರ್ಥಿ’ ಎಂದು ಗುರುತಿಸಿ ವಿಶೇಷ ತರಗತಿಗೆ ಹಾಕಿದರೆ, ಶಾಲಾ ವರ್ಷ ಆರಂಭವಾದ 30 ದಿನಗಳೊಳಗೆ ಕಾರಣ ಸಮೇತ ಪೋಷಕರಿಗೆ ತಿಳಿಸಬೇಕು. ಆ ತರಗತಿ ಬೇಡ ಎನ್ನುವ ಹಕ್ಕು ನಿಮಗಿದೆ. ಬೇಡ ಎಂದರೂ ವಾರ್ಷಿಕ ಇಂಗ್ಲಿಷ್ ಪರೀಕ್ಷೆ ಮಾತ್ರ ತಪ್ಪುವುದಿಲ್ಲ.

ಹಂತ 4: ವಾರ್ಷಿಕ ಸಭೆಗೆ ಹೋಗಿ

ಪ್ರತಿ ಟೈಟಲ್ ಒನ್ ಶಾಲೆಯೂ ಪೋಷಕರಿಗೆ ಅನುಕೂಲವಾದ ಸಮಯದಲ್ಲಿ ವರ್ಷಕ್ಕೊಮ್ಮೆಯಾದರೂ ಸಭೆ ಕರೆದು, ಶಾಲೆ ಈ ಹಣ ಪಡೆಯುತ್ತಿದೆ ಎಂಬುದನ್ನೂ ಅದರ ಷರತ್ತುಗಳನ್ನೂ ಪೋಷಕರ ಹಕ್ಕುಗಳನ್ನೂ ವಿವರಿಸಬೇಕು. ಇದನ್ನು ‘ಬ್ಯಾಕ್ ಟು ಸ್ಕೂಲ್ ನೈಟ್’ ಎಂಬ ವರ್ಷಾರಂಭದ ಸಂಜೆಯ ಜೊತೆಗೇ ಸೇರಿಸುವುದು ರೂಢಿ. ನಾನು ಹೋಗಿದ್ದ ಅಂಥ ಒಂದು ಸಂಜೆಯಲ್ಲಿ ಟೈಟಲ್ ಒನ್ ಎಂಬುದು ಪರದೆಯ ಮೇಲೆ ಒಂದೇ ಒಂದು ಸ್ಲೈಡಾಗಿ ಬಂದು, ಪ್ರಶ್ನೆ ಕೇಳಲು ಕೈ ಎತ್ತುವ ಮೊದಲೇ ಮುಂದಿನ ವಿಷಯಕ್ಕೆ ಹೋಯಿತು. ಹಾಗಾಗದಂತೆ, ಆ ವಿಷಯಕ್ಕೆ ಪ್ರತ್ಯೇಕ ಕಾರ್ಯಸೂಚಿ ಮತ್ತು ಪ್ರಶ್ನೋತ್ತರಕ್ಕೆ ಸಮಯ ಇರಲಿ ಎಂದು ಮೊದಲೇ ಇಮೇಲಿನಲ್ಲಿ ಕೇಳಿ.

ಸಂಜೆಯ ಸಭೆಗೆ ಬರಲಾಗದಿದ್ದರೆ ಬೆಳಗಿನ ಸಭೆ ಕೇಳಬಹುದು. ಸಭೆಗಳ ಸಂಖ್ಯೆ ಮತ್ತು ಸಮಯದಲ್ಲಿ ಶಾಲೆ ಹೊಂದಿಕೊಳ್ಳಬೇಕು ಎಂದು ಕಾಯ್ದೆ ಹೇಳುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗೆ, ಓಡಾಟದ ವಾಹನಕ್ಕೆ, ಶಿಕ್ಷಕರು ಮನೆಗೇ ಬಂದು ಮಾತನಾಡುವುದಕ್ಕೆ ಟೈಟಲ್ ಒನ್ ಹಣವನ್ನು ಬಳಸಲು ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಸ್ಥಳದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಕೆಲಸ ಮಾಡುವ ಪೋಷಕರು, ಮೊದಲೇ ತಿಳಿಸಿ, ಮಗುವಿನ ಶಾಲಾ ಚಟುವಟಿಕೆಗೆ ತಿಂಗಳಿಗೆ ಗರಿಷ್ಠ 8 ಗಂಟೆಯಂತೆ ವರ್ಷಕ್ಕೆ 40 ಗಂಟೆಯವರೆಗೆ ರಜೆ ಪಡೆಯಬಹುದು.

ಪಿಟಿಎ ಸಭೆಯನ್ನೂ ಇದನ್ನೂ ಒಂದೇ ಎಂದುಕೊಳ್ಳಬೇಡಿ. ಪಿಟಿಎ ಎಂಬುದು ಪೋಷಕರು ಮತ್ತು ಶಿಕ್ಷಕರ, ಸದಸ್ಯತ್ವವಿರುವ ಸ್ವತಂತ್ರ ಸಂಘ. ಟೈಟಲ್ ಒನ್ ಸಭೆಗೆ ಯಾವ ಸದಸ್ಯತ್ವವೂ ಬೇಡ, ಶುಲ್ಕವೂ ಇಲ್ಲ.

ಹಂತ 5: ಶಾಲೆಯ ನೀತಿಯನ್ನು ಪೆನ್ಸಿಲ್ ಹಿಡಿದು ಓದಿ

ಈಗ ನಿಮ್ಮ ಕೈಯಲ್ಲಿ ನೀತಿಯ ಪ್ರತಿ ಇದೆ. ಮೊದಲ ಪುಟದಲ್ಲಿ ದಿನಾಂಕ ಹುಡುಕಿ. ನೀತಿಯನ್ನು ಪೋಷಕರ ಮತ್ತು ಶಾಲೆಯ ಬದಲಾಗುವ ಅಗತ್ಯಗಳಿಗೆ ತಕ್ಕಂತೆ ಕಾಲಕಾಲಕ್ಕೆ ಪರಿಷ್ಕರಿಸಬೇಕು. ನಾಲ್ಕು ವರ್ಷಗಳ ಹಿಂದಿನ ದಿನಾಂಕವಿದ್ದರೆ, ಅಥವಾ ಬೇರೊಂದು ಶಾಲೆಯ ಹೆಸರು ಅಲ್ಲಲ್ಲಿ ಉಳಿದುಕೊಂಡಿದ್ದರೆ, ಅದನ್ನು ಯಾರೂ ಕೂಡಿ ಕುಳಿತು ಬರೆದಿಲ್ಲ ಎಂಬ ಅನುಮಾನಕ್ಕೆ ಕಾರಣವಿದೆ.

ಅನಂತರ ಈ ಪ್ರಶ್ನೆಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ಓದಿ. ಯೋಜನೆ ರೂಪಿಸುವಾಗ, ಪರಿಶೀಲಿಸುವಾಗ, ಸುಧಾರಿಸುವಾಗ ಪೋಷಕರನ್ನು ಕ್ರಮಬದ್ಧವಾಗಿ, ನಿರಂತರವಾಗಿ, ಸಕಾಲದಲ್ಲಿ ಸೇರಿಸಿಕೊಳ್ಳುವುದು ಹೇಗೆ ಎಂದು ಬರೆದಿದೆಯೆ? ಪಠ್ಯಕ್ರಮ ಏನು, ಮಕ್ಕಳ ಪ್ರಗತಿಯನ್ನು ಯಾವ ಪರೀಕ್ಷೆಗಳಿಂದ ಅಳೆಯುತ್ತಾರೆ, ರಾಜ್ಯ ನಿಗದಿ ಮಾಡಿದ ಮಟ್ಟ ಯಾವುದು ಎಂಬುದನ್ನು ಪೋಷಕರಿಗೆ ವಿವರಿಸುವ ಕ್ರಮ ಇದೆಯೆ? ಪೋಷಕರು ಕೇಳಿದರೆ ಸಲಹೆ ಕೊಡಲು ಮತ್ತು ನಿರ್ಧಾರಗಳಲ್ಲಿ ಭಾಗವಹಿಸಲು ನಿಯಮಿತ ಸಭೆಗಳನ್ನು ನಡೆಸಿ, ಆ ಸಲಹೆಗಳಿಗೆ ಸಾಧ್ಯವಾದಷ್ಟು ಬೇಗ ಉತ್ತರ ಕೊಡಬೇಕು. ಉತ್ತರ ಕೊಡುವವರು ಯಾರು ಎಂಬುದಿದೆಯೆ?

ಪೋಷಕರ ಸಾಮರ್ಥ್ಯ ಬೆಳೆಸುವ ಭಾಗವನ್ನು ವಿಶೇಷ ಗಮನವಿಟ್ಟು ನೋಡಿ. ಮಗುವಿನ ಓದಿಗೆ ಮನೆಯಲ್ಲಿ ನೆರವಾಗಲು ಬೇಕಾದ ಸಾಮಗ್ರಿ ಮತ್ತು ತರಬೇತಿಯನ್ನು ಶಾಲೆ ಕೊಡಬೇಕು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ, ನನಗೆ ಇಡೀ ಸೆಕ್ಷನ್ನಿನಲ್ಲಿ ಅತ್ಯಂತ ಮೆಚ್ಚಿಕೆಯಾದದ್ದು: ಪೋಷಕರ ಕೊಡುಗೆಯ ಬೆಲೆ ಏನು, ಅವರನ್ನು ಸಮಾನ ಸಹಭಾಗಿಗಳಾಗಿ ಕಂಡು ಕೆಲಸ ಮಾಡುವುದು ಹೇಗೆ ಎಂಬುದನ್ನು ಶಿಕ್ಷಕರಿಗೂ ಪ್ರಿನ್ಸಿಪಾಲರಿಗೂ ಕಲಿಸಬೇಕು, ಆ ಕಲಿಕೆಗೆ ಪೋಷಕರ ನೆರವನ್ನೇ ಪಡೆಯಬೇಕು. ಪೋಷಕರಿಗೆ ಪಾಠ ಹೇಳುವ ಕಾರ್ಯಕ್ರಮಗಳು ಎಲ್ಲೆಡೆ ಇರುತ್ತವೆ. ಸಿಬ್ಬಂದಿಗೆ ಪೋಷಕರ ಬಗ್ಗೆ ಪಾಠ ಹೇಳುವ ಈ ಸಾಲನ್ನು ಮಾತ್ರ ಅನೇಕ ನೀತಿಗಳು ಕಾಯ್ದೆಯಿಂದ ಹಾಗೆಯೇ ನಕಲು ಮಾಡಿ ಬಿಟ್ಟಿರುತ್ತವೆ. ‘ಈ ವರ್ಷ ಇದನ್ನು ಯಾವ ದಿನ, ಯಾರಿಂದ ಮಾಡಿಸುತ್ತೀರಿ’ ಎಂದು ಕೇಳಿ.

ಓದುವಾಗ ‘ಮಾಡಬೇಕು’ ಮತ್ತು ‘ಮಾಡಬಹುದು’ ಎಂಬ ಕ್ರಿಯಾಪದಗಳನ್ನು ಬೇರ್ಪಡಿಸಿಕೊಳ್ಳಿ. ಮೇಲೆ ಹೇಳಿದವೆಲ್ಲ ‘ಮಾಡಬೇಕು’ಗಳು. ಡಿಸ್ಟ್ರಿಕ್ಟ್ ಮಟ್ಟದ ಪೋಷಕರ ಸಲಹಾ ಮಂಡಳಿ, ಓಡಾಟದ ವೆಚ್ಚ, ಒಬ್ಬ ಪೋಷಕರಿಗೆ ತರಬೇತಿ ಕೊಟ್ಟು ಇತರ ಪೋಷಕರನ್ನು ಕರೆತರುವುದು ಇವೆಲ್ಲ ‘ಮಾಡಬಹುದು’ಗಳು. ಎರಡನೆಯದನ್ನು ಹಕ್ಕೆಂದು ವಾದಿಸಿದರೆ ಮೊದಲನೆಯದರ ವಾದವೂ ಬಲ ಕಳೆದುಕೊಳ್ಳುತ್ತದೆ. ಆದರೆ ಪೋಷಕರು ಕೋರುವ ಇತರ ಸಮಂಜಸವಾದ ನೆರವನ್ನು ಕೊಡಬೇಕು ಎಂಬುದು ‘ಮಾಡಬೇಕು’ ಪಟ್ಟಿಯಲ್ಲೇ ಇದೆ. ಆದ್ದರಿಂದ ಕೋರಿಕೆ ನಿಮ್ಮ ಕಡೆಯಿಂದ ಬರಹದಲ್ಲಿ ಹೋಗಲೇಬೇಕು.

ಹಂತ 6: ಒಡಂಬಡಿಕೆಯ ಎರಡೂ ಕಡೆಗಳನ್ನು ತೂಗಿ ನೋಡಿ

ಒಡಂಬಡಿಕೆಯು ಮಗುವಿನ ಕಲಿಕೆಯ ಹೊಣೆಯನ್ನು ಪೋಷಕರು, ಇಡೀ ಶಾಲೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ಹೇಳಬೇಕು. ಅದರಲ್ಲಿ ಇರಲೇಬೇಕಾದವು: ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ ಒಂದು ಬಾರಿ ಶಿಕ್ಷಕ-ಪೋಷಕರ ಭೇಟಿ ಮತ್ತು ಆ ಭೇಟಿಯಲ್ಲಿ ನಿಮ್ಮ ಮಗುವಿನ ಪ್ರಗತಿಗೆ ಸಂಬಂಧಿಸಿ ಒಡಂಬಡಿಕೆಯ ಚರ್ಚೆ, ಪ್ರಗತಿಯ ಬಗ್ಗೆ ಆಗಾಗ ವರದಿ, ಸಿಬ್ಬಂದಿಯನ್ನು ಕಾಣಲು, ತರಗತಿಯಲ್ಲಿ ಸ್ವಯಂಸೇವೆ ಮಾಡಲು, ತರಗತಿಯನ್ನು ಕುಳಿತು ನೋಡಲು ಸಮಂಜಸವಾದ ಅವಕಾಶ, ಮತ್ತು ಹಂತ 3ರಲ್ಲಿ ಹೇಳಿದ ಎರಡೂ ಕಡೆಯ ಸಂಪರ್ಕ.

ಬಹುಪಾಲು ಹಾಳೆಗಳಲ್ಲಿ ತಕ್ಕಡಿ ಒಂದೇ ಕಡೆ ವಾಲಿರುತ್ತದೆ. ಪೋಷಕರ ಕಡೆ ‘ಪ್ರತಿ ರಾತ್ರಿ 20 ನಿಮಿಷ ಓದಿಸುತ್ತೇನೆ, ಹೋಂವರ್ಕ್ ಪರೀಕ್ಷಿಸುತ್ತೇನೆ, ಸಮಯಕ್ಕೆ ಸರಿಯಾಗಿ ಶಾಲೆಗೆ ಕಳುಹಿಸುತ್ತೇನೆ’ ಎಂದು ಅಳೆದು ನೋಡಬಹುದಾದ ಮಾತುಗಳಿದ್ದರೆ, ಶಾಲೆಯ ಕಡೆ ‘ಉನ್ನತ ಗುಣಮಟ್ಟದ ಬೋಧನೆ ನೀಡುತ್ತೇವೆ’ ಎಂಬ ಒಂದೇ ಮಾತಿರುತ್ತದೆ. ಅದನ್ನು ಅಳೆಯುವುದು ಹೇಗೆ? ‘ಓದಿನ ಮಟ್ಟದ ವರದಿಯನ್ನು ಪ್ರತಿ ಆರು ವಾರಕ್ಕೊಮ್ಮೆ ಕಳುಹಿಸುತ್ತೇವೆ; ಪೋಷಕರ ಇಮೇಲಿಗೆ ಎರಡು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ’ ಎಂಬಂಥ ಸಾಲನ್ನು ಸೂಚಿಸಿ. ಆರು ವಾರ, ಎರಡು ದಿನ ಎಂಬ ಅವಧಿಗಳು ಕಾಯ್ದೆಯಲ್ಲಿಲ್ಲ. ಅವು ಮಾತುಕತೆಯಲ್ಲಿ ತೀರ್ಮಾನವಾಗಬೇಕಾದವು, ಕೂಡಿ ಬರೆಯುವುದು ಎಂದರೆ ಇದೇ.

ನಮ್ಮ ಮನೆಗಳಿಗೆ ಸಂಬಂಧಪಟ್ಟ ಇನ್ನೊಂದು ತಿದ್ದುಪಡಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ‘ಪ್ರತಿ ರಾತ್ರಿ 20 ನಿಮಿಷ ಇಂಗ್ಲಿಷಿನಲ್ಲಿ ಓದಿಸುತ್ತೇನೆ’ ಎಂದಿದ್ದರೆ, ‘ಮನೆಮಾತಿನಲ್ಲಿ ಅಥವಾ ಇಂಗ್ಲಿಷಿನಲ್ಲಿ’ ಎಂದು ಸೇರಿಸಲು ಕೇಳಿ. ಎರಡೇ ಪದಗಳ ಸೇರ್ಪಡೆ. ಆದರೆ ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ಕನ್ನಡದ ಕಥೆ ಓದಿಸುವ ಹೊತ್ತು ಆಗ ಶಾಲೆಯ ಲೆಕ್ಕಕ್ಕೂ ಸೇರುತ್ತದೆ, ಓದಿನ ದಿನಚರಿಯ ಹಾಳೆಯಲ್ಲಿ ಆ ಪುಸ್ತಕದ ಹೆಸರನ್ನು ಸಂಕೋಚವಿಲ್ಲದೆ ಬರೆಯಬಹುದು.

ಸಹಿಯ ವಿಷಯಕ್ಕೆ ಮರಳುವುದಾದರೆ, ತಿದ್ದುಪಡಿ ಸೂಚಿಸಿ ಅದರ ಪ್ರತಿ ಇಟ್ಟುಕೊಂಡು ಸಹಿ ಹಾಕುವುದರಲ್ಲಿ ತಪ್ಪಿಲ್ಲ. ಹಾಕದಿದ್ದರೂ ಮಗುವಿಗೆ ಟೈಟಲ್ ಒನ್ ಅಡಿ ಸಿಗುವ ನೆರವು ನಿಲ್ಲಬಾರದು. ಸಿಟ್ಟಿನಿಂದ ಹಾಳೆಯನ್ನು ಖಾಲಿ ಹಿಂತಿರುಗಿಸುವುದಕ್ಕಿಂತ ಪಕ್ಕದಲ್ಲಿ ಎರಡು ಸಾಲು ಬರೆದು ಕಳುಹಿಸುವುದು ಹೆಚ್ಚು ಪ್ರಯೋಜನಕಾರಿ.

ಅಜ್ಜ ಅಜ್ಜಿಯರ ಬಗ್ಗೆ ಒಂದು ಎಚ್ಚರಿಕೆ. ಮಗು ಅವರ ಜೊತೆಯಲ್ಲೇ ವಾಸವಿದ್ದು ಪೋಷಕರ ಸ್ಥಾನದಲ್ಲಿ ಅವರೇ ನಿಂತಿದ್ದರೆ ಕಾಯ್ದೆ ಅವರನ್ನೂ ‘ಪೋಷಕರು’ ಎಂದೇ ಕಾಣುತ್ತದೆ. ತಂದೆ ತಾಯಿ ಮನೆಯಲ್ಲಿದ್ದು ಅವರು ಆರು ತಿಂಗಳಿಗೆಂದು ಬಂದಿದ್ದರೆ ಹಾಗಲ್ಲ. 1974ರ ‘ಫೆರ್ಪಾ’ ಎಂಬ ವಿದ್ಯಾರ್ಥಿ ದಾಖಲೆಗಳ ಗೌಪ್ಯತಾ ಕಾಯ್ದೆಯ ಕಾರಣ, ಮಗುವಿನ ಅಂಕ ಮತ್ತು ವರದಿಗಳನ್ನು ಅವರ ಬಳಿ ಮಾತನಾಡಲು ಶಿಕ್ಷಕರಿಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ವರ್ಷದ ಆರಂಭದಲ್ಲೇ ಅದನ್ನು ಬರೆದುಕೊಡಿ.

ಹಂತ 7: ಹಣದ ಲೆಕ್ಕ ಕೇಳಿ

ಟೈಟಲ್ ಒನ್ ಅಡಿ 5 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಡಿಸ್ಟ್ರಿಕ್ಟ್, ಅದರಲ್ಲಿ ಕನಿಷ್ಠ ಶೇ. 1ರಷ್ಟನ್ನು ಕುಟುಂಬ ಸಹಭಾಗಿತ್ವದ ಕೆಲಸಕ್ಕೆ ಮೀಸಲಿಡಬೇಕು. ಮೀಸಲಿನ ಕನಿಷ್ಠ ಶೇ. 90ರಷ್ಟು ಶಾಲೆಗಳಿಗೆ ಹೋಗಬೇಕು, ಹೆಚ್ಚು ಅಗತ್ಯವಿರುವ ಶಾಲೆಗಳಿಗೆ ಆದ್ಯತೆ ಇರಬೇಕು. ಉದಾಹರಣೆಗೆ 20 ಲಕ್ಷ ಡಾಲರ್ ಬರುವ ಡಿಸ್ಟ್ರಿಕ್ಟಿನಲ್ಲಿ ಮೀಸಲು ಕನಿಷ್ಠ 20,000 ಡಾಲರ್. ಅದರಲ್ಲಿ ಕನಿಷ್ಠ 18,000 ಡಾಲರ್ ಶಾಲೆಗಳ ಪಾಲು. ಒಂದೊಂದು ಶಾಲೆಗೆ ಹಂಚಿದಾಗ ದೊಡ್ಡ ಮೊತ್ತವೇನೂ ಉಳಿಯುವುದಿಲ್ಲ, ಆದರೆ ಕೆಲವು ಸಂಜೆಗಳ ಅನುವಾದಕರಿಗೂ ಮಕ್ಕಳನ್ನು ನೋಡಿಕೊಳ್ಳುವವರಿಗೂ ಸಾಕಾಗಬಹುದು. ಈ ಹಣವನ್ನು ಹೇಗೆ ಹಂಚಬೇಕು ಎಂಬ ನಿರ್ಧಾರದಲ್ಲಿ ಪೋಷಕರನ್ನು ಸೇರಿಸಿಕೊಳ್ಳಬೇಕು ಎಂಬುದೂ ಕಾಯ್ದೆಯಲ್ಲೇ ಇದೆ. ‘ನಮ್ಮ ಶಾಲೆಗೆ ಎಷ್ಟು ಬಂತು, ಹೋದ ವರ್ಷ ಯಾವುದಕ್ಕೆ ಖರ್ಚಾಯಿತು’ ಎಂದು ವಾರ್ಷಿಕ ಸಭೆಯಲ್ಲಿ ಕೇಳುವುದು ಯಾರನ್ನೂ ಅನುಮಾನಿಸಿದಂತಲ್ಲ.

ಹಂತ 8: ಒಪ್ಪಿಗೆಯಾಗದಿದ್ದರೆ ಬರಹದಲ್ಲಿ ತಿಳಿಸಿ

ಸ್ಕೂಲ್‌ವೈಡ್ ಯೋಜನೆ ತೃಪ್ತಿಕರವಾಗಿಲ್ಲ ಎಂದು ಪೋಷಕರು ಬರೆದು ಕೊಟ್ಟರೆ, ಆ ಅಭಿಪ್ರಾಯಗಳನ್ನು ಶಾಲೆಯು ಯೋಜನೆಯ ಜೊತೆಗೆ ಡಿಸ್ಟ್ರಿಕ್ಟಿಗೆ ಸಲ್ಲಿಸಲೇಬೇಕು. ಡಿಸ್ಟ್ರಿಕ್ಟಿನ ಯೋಜನೆಯ ಬಗ್ಗೆ ಬಂದ ಅಭಿಪ್ರಾಯಗಳು ಹಾಗೆಯೇ ರಾಜ್ಯಕ್ಕೆ ಹೋಗಬೇಕು. ಸಭೆಯಲ್ಲಿ ಬಾಯಲ್ಲಿ ಹೇಳಿದ್ದು ನಡವಳಿಯಲ್ಲಿ ದಾಖಲಾಗದಿದ್ದರೆ ಹೀಗೆ ಮೇಲೆ ಹೋಗುವುದಿಲ್ಲ. ಆದ್ದರಿಂದ ಅರ್ಧ ಪುಟದಲ್ಲಿ, ಯೋಜನೆಯ ಯಾವ ಪುಟದ ಯಾವ ಸಾಲು, ಅದರ ಬದಲು ಏನಿರಬೇಕು ಎಂದಷ್ಟೇ ಬರೆದು, ದಿನಾಂಕ ಹಾಕಿ ಕಳುಹಿಸಿ. ಶಿಕ್ಷಕರ ಮೇಲಿನ ವೈಯಕ್ತಿಕ ದೂರನ್ನು ಅದರಲ್ಲಿ ಬೆರೆಸಬೇಡಿ. ಎರಡೂ ಬೇರೆ ಬೇರೆ ಮೇಜಿಗೆ ಹೋಗುವ ಕಾಗದಗಳು. ಮೊದಲು ಪ್ರಿನ್ಸಿಪಾಲ್, ಅನಂತರ ಡಿಸ್ಟ್ರಿಕ್ಟಿನ ಫೆಡರಲ್ ಕಾರ್ಯಕ್ರಮಗಳ ಕಚೇರಿ, ಅದೂ ಆಗದಿದ್ದರೆ ರಾಜ್ಯದ ಶಿಕ್ಷಣ ಇಲಾಖೆ. ಈ ಕಾಯ್ದೆಯ ಉಲ್ಲಂಘನೆಯ ದೂರುಗಳನ್ನು ಸ್ವೀಕರಿಸಿ ಬಗೆಹರಿಸಲು ಪ್ರತಿ ರಾಜ್ಯದಲ್ಲೂ ಲಿಖಿತ ಕ್ರಮ ಇರಲೇಬೇಕು.

ಕೊನೆಯದಾಗಿ, ಸಮಯ. ಡಿಸ್ಟ್ರಿಕ್ಟ್ ತನ್ನ ನೀತಿ ಎಷ್ಟು ಫಲ ಕೊಟ್ಟಿತು, ಬಡತನ, ಅಂಗವೈಕಲ್ಯ ಅಥವಾ ಇಂಗ್ಲಿಷ್ ಬಾರದಿರುವುದು ಯಾರನ್ನು ದೂರವಿಟ್ಟಿತು ಎಂಬುದನ್ನು ಪೋಷಕರ ಜೊತೆ ಸೇರಿ ವರ್ಷಕ್ಕೊಮ್ಮೆ ಮೌಲ್ಯಮಾಪನ ಮಾಡಬೇಕು. ಹೆಚ್ಚಿನ ಕಡೆ ಇದು ವಸಂತದಲ್ಲಿ, ಮಾರ್ಚ್‌ನಿಂದ ಮೇ ತಿಂಗಳೊಳಗೆ ನಡೆಯುತ್ತದೆ, ಮುಂದಿನ ವರ್ಷದ ನೀತಿ ಮತ್ತು ಒಡಂಬಡಿಕೆಯ ಕರಡು ಆಗಲೇ ಸಿದ್ಧವಾಗುತ್ತದೆ. ಸೆಪ್ಟೆಂಬರಿನಲ್ಲಿ ಮಗುವಿನ ಚೀಲದಲ್ಲಿ ಬರುವ ಹಾಳೆಯನ್ನು ಬದಲಿಸಬೇಕಾದ ಕಾಲ ಅದು. ಹಂತ 2ರ ಇಮೇಲಿಗೆ ಬರುವ ಉತ್ತರದಲ್ಲಿ ಪರಿಷ್ಕರಣೆಯ ಸಭೆಯ ದಿನಾಂಕ ಇಲ್ಲದಿದ್ದರೆ ಇನ್ನೊಮ್ಮೆ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕನ್ನಡ ಅನುವಾದಕರು ಬೇಕಿದ್ದರೆ ಅದಕ್ಕೆ ಎರಡು ವಾರ ಮೊದಲಿನ ದಿನಕ್ಕೂ ಒಂದು ಗುರುತು ಹಾಕಿಡಿ.